ತೊಟ್ಟಿಲ ಪಟ್ಟಿಯ ಸುಟ್ಟ ಕಲೆ

ಅರವತ್ತರ ದಶಕದ ಆರಂಭದಲ್ಲಿ, ಹೊನ್ನಾವರದ ನಮ್ಮ ಮನೆಯ ಪಕ್ಕದ ಚಪ್ಪರದಲ್ಲಿ ಅಪ್ಪ ಮರಗೆಲಸದ ಕರೆಂಟಿನ ಮಶಿನ್ ಒಂದನ್ನು ಹಾಕಿಸಿದ. ನಡುವೆ ಗರಗರ ತಿರುಗುವ ಅಲಗು. ಅದಕ್ಕೆ ತಾಗಿಸಿ ಮರವನ್ನು ತಳ್ಳುತ್ತ ಹೋದರೆ ಅಂಚು ಉರುಟಾಗಿ, ದುಂಡಗೆ ಬರುತ್ತಿತ್ತು. ಮಶಿನ್ ಹುಬ್ಬಳ್ಳಿಯಿಂದ ತಂದ ಹಳೆಯ ಮಾಲು, ಅಪ್ಪನ ಗತ್ತು ಮಾತ್ರ ಹೊಸದು. ಬಂದವರಿಗೆಲ್ಲ ಪಾಠ: ಅಲಗು ಮೊಂಡಾದರೆ ಮರ ಸುಡುತ್ತದೆ, ಅಲಗಿಗೆ ಅಂಟು ಹಿಡಿದರೆ ಸುಡುತ್ತದೆ, ತಳ್ಳುವ ಕೈ ನಡುವೆ ನಿಂತರಂತೂ ಸುಟ್ಟೇ ಸುಡುತ್ತದೆ. ದಿನಾ ಅಲಗನ್ನು ಚಿಮಣಿ ಎಣ್ಣೆಯಲ್ಲಿ ಒರೆಸುತ್ತಿದ್ದ. ನಾವು ಮುಖ ತೊಳೆದಿದ್ದೇವೋ ಇಲ್ಲವೋ ಎಂದು ಮಾತ್ರ ಯಾವತ್ತೂ ಕೇಳಿದವನಲ್ಲ.

ಆ ವರ್ಷ ಅಕ್ಕ ಬೆಳಕೆ ಎಂಬ ಊರಿನ ಗಂಡನ ಮನೆಯಿಂದ ಹೆರಿಗೆಗೆ ಬಂದಿದ್ದಳು. ಅವಳ ಮೊದಲ ಕೂಸು ಹೆಸರಿಡುವ ಮೊದಲೇ ತೀರಿಕೊಂಡಿತ್ತು. ಈ ಸಲ ಹುಟ್ಟಿದ ಗಂಡುಕೂಸು ಗಟ್ಟಿಯಾಗಿ ಅತ್ತು, ಹೊಟ್ಟೆ ತುಂಬ ಹಾಲು ಕುಡಿದರೂ ಅಕ್ಕನಿಗೆ ಧೈರ್ಯ ಬಂದಿರಲಿಲ್ಲ. ತವರಿನ ತೊಟ್ಟಿಲನ್ನು ಕೂಸು ಹುಟ್ಟುವ ಮೊದಲು ಮಾಡುವ ಹಾಗಿರಲಿಲ್ಲ. ಹುಟ್ಟಿದ ಮೇಲೆ, ಹೆಸರಿಡುವುದರೊಳಗೆ ಮುಗಿಯಬೇಕು. ಅಪ್ಪ ಸಂತೆಗುಳಿಯಿಂದ ತರಿಸಿಟ್ಟಿದ್ದ ಒಣಗಿದ ಹಲಸಿನ ಹಲಗೆಗಳನ್ನು ಅಟ್ಟದಿಂದ ಇಳಿಸಿದ.

ತೊಟ್ಟಿಲ ಕೊನೆಯ ಪಟ್ಟಿಯ ಅಂಚನ್ನು ಅಲಗಿಗೆ ತಾಗಿಸಿ ತಳ್ಳುವಾಗ ಸಂಜೆಯಾಗಿತ್ತು. ನಮ್ಮ ಆಯಿ, ಅಂದರೆ ಅಮ್ಮ, ಜಗಲಿಯಲ್ಲಿದ್ದ ಸ್ವಿಚ್ ಹಾಕಿದಳು, ಚಪ್ಪರದ ಬಲ್ಬು ಹೊತ್ತಿತು. ದೀಪ ಹೊತ್ತಿದ ಕೂಡಲೇ ಕೈಮುಗಿಯುವುದು ನಮ್ಮಲ್ಲಿ ರೂಢಿ. ಎಣ್ಣೆದೀಪ ಹೋಗಿ ಬಲ್ಬು ಬಂದರೂ ಅದು ತಪ್ಪಿರಲಿಲ್ಲ. ಅಪ್ಪ ತಳ್ಳುವುದನ್ನು ನಿಲ್ಲಿಸಿದ. ಒಂದು ಕೈಯಲ್ಲಿ ಪಟ್ಟಿ ಹಿಡಿದುಕೊಂಡೇ ಇನ್ನೊಂದನ್ನು ಎದೆಗೆ ಮುಟ್ಟಿಸಿ ಕಣ್ಣು ಮುಚ್ಚಿದ. ಅಷ್ಟು ಸಾಕಾಯಿತು. ಅಲಗು ಒಂದೇ ಜಾಗದಲ್ಲಿ ಉಜ್ಜಿ ಹೊಗೆಯೆದ್ದಿತು, ಹಳದಿ ಮರದ ಮೇಲೆ ಕಪ್ಪು ಕಲೆ ಕೂತಿತು. ಅಷ್ಟೆಲ್ಲ ಪಾಠ ಹೇಳಿದವನು! ನನಗೆ ನಗು ತಡೆಯಲಾಗಲಿಲ್ಲ.

ಬಾಳಂತಿ ಕೋಣೆಯಿಂದ ಅಕ್ಕ ಕೂಗಿದಳು: "ಅಪ್ಪಾ, ಎಂತ ಸುಟ್ಟ ವಾಸ್ನೆ ಅದು?"

ಅಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ತೊಟ್ಲ ಪಟ್ಟಿ ಮಗಾ. ಒಂಚೂರು ಸುಟ್ ಹೋತು."

"ಹಂಗಾರೆ ನಂಗೆ ಆ ತೊಟ್ಲು ಬ್ಯಾಡ. ಸುಟ್ಟ ಮರದಲ್ಲಿ ಕೂಸಿನ್ನ ಮಲಗ್ಸುದಿಲ್ಲ ನಾನು."

ನನ್ನ ನಗು ಅಲ್ಲೇ ನಿಂತಿತು. ಬೇರೆ ಪಟ್ಟಿ ಮಾಡಿ ಎಂದು ಆಯಿ ಅಪ್ಪನ ಮೇಲೆ ರೇಗಿದಳು. ಆದರೆ ಒಣಗಿದ ಹಲಸು ಇನ್ನು ಒಂದು ತುಂಡೂ ಇರಲಿಲ್ಲ. ಹಸಿ ಮರ ಹಾಕಿದರೆ ಡೊಂಕಾಗುತ್ತದೆ.

ಮರುದಿನ ಅಪ್ಪ ಒಡೆದ ಕಿಟಕಿ ಗಾಜಿನ ಚೂರುಗಳನ್ನು ಗುಡ್ಡೆ ಹಾಕಿಕೊಂಡು ಕೂತ. ಕಲೆ ಇದ್ದಲ್ಲಿ ಮಾತ್ರ ಕೆರೆದರೆ ತಗ್ಗು ಬೀಳುತ್ತದೆ, ಪಾಲಿಶ್ ಹಚ್ಚಿದ ಮೇಲೆ ಊರಿಗೇ ಕಾಣುತ್ತದೆ. ಹಾಗಾಗಿ ಪಟ್ಟಿಯ ಉದ್ದಕ್ಕೂ, ಮರದ ಎಳೆ ಹೋದ ದಿಕ್ಕಿಗೇ, ಸ್ವಲ್ಪಸ್ವಲ್ಪವೇ ಕೆರೆದ. ಗಾಜು ಮೊಂಡಾದರೆ ಇನ್ನೊಂದು ಚೂರು. ಕಪ್ಪು ಕಂದಾಯಿತು, ಕಂದು ಹಳದಿಯಾಯಿತು. ಪಾಲಿಶ್ ಕಾಗದವನ್ನು ಕೊನೆಗೆ ಮುಟ್ಟಿದ. ಮೊದಲೇ ಉಜ್ಜಿದರೆ ಮಸಿ ಒಳಗಿಳಿಯುತ್ತದಂತೆ. ಇದನ್ನು ಅವನಾಗಿ ಹೇಳಲಿಲ್ಲ, ನಾನು ಕೇಳಿದ್ದಕ್ಕೆ ಹೇಳಿದ. ಗತ್ತಿಲ್ಲದ ಅಪ್ಪನನ್ನು ನೋಡಲು ನನಗೆ ಕಷ್ಟವಾಯಿತು.

ಹೆಸರಿಡುವ ದಿನ ಬೆಳಿಗ್ಗೆ, ಅಕ್ಕನ ಸ್ನಾನವಾದ ಮೇಲೆ, ತೊಟ್ಟಿಲನ್ನು ಅವಳ ಕೋಣೆಯ ಬಾಗಿಲಿಗೆ ತಂದಿಟ್ಟ. ಅಕ್ಕ ಪಟ್ಟಿಗಳ ಮೇಲೆಲ್ಲ ಬೆರಳಾಡಿಸಿದಳು.

"ಎಲ್ಲಿತ್ತು?"

ಅಪ್ಪ ತೋರಿಸಿದ. ಅವಳು ಬಗ್ಗಿ ಅಲ್ಲಿಗೆ ಮೂಗು ಹಚ್ಚಿದಳು. ಮತ್ತೊಮ್ಮೆ ಹಚ್ಚಿದಳು. ಕೂಸು ನನ್ನ ತೊಡೆಯ ಮೇಲಿತ್ತು. ಒಪ್ಪಿಕೊಳ್ಳೇ ಮಾರಾಯ್ತಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ಅಕ್ಕ ಕೂಸನ್ನು ನನ್ನಿಂದ ಎತ್ತಿಕೊಂಡು ತೊಟ್ಟಿಲಲ್ಲಿ ಮಲಗಿಸಿದಳು. ಅದರ ಎದೆಯ ಮೇಲೆ ಕೈಯಿಟ್ಟು ತುಂಬ ಹೊತ್ತು ನಿಂತಳು.

"ಮೊದ್ಲ ಕೂಸಿಗೆ ಒಂದು ಹೆಸ್ರು ಇಡುಕೂ ಆಗ್ಲಿಲ್ಲ ಅಪ್ಪಾ."

"ಹೌದು ಮಗಾ. ಇವಂಗೆ ಇಡ್ವ," ಎಂದ ಅಪ್ಪ.

ಆ ಮೊದಲ ಕೂಸು ಹೋದಾಗ ಕಣ್ಣೀರು ಹಾಕದಿದ್ದ ಅಕ್ಕ, ಅವತ್ತು ನಮ್ಮೆಲ್ಲರೆದುರು ಜೋರಾಗಿ ಅತ್ತಳು.