ಮೇಜಿನ ಮೇಲೆ ಮಲಗಿದ ಕೈಗಳು

ಕೆಲಸವಿಲ್ಲದ ಹೊತ್ತಿನಲ್ಲಿ ಅವರ ಎರಡೂ ಅಂಗೈಗಳು ಮೇಜಿನ ಮೇಲೆ ಬೋರಲಾಗಿ ಮಲಗಿರುತ್ತಿದ್ದವು. ಬೆರಳು ತಾಳ ಹಾಕುತ್ತಿರಲಿಲ್ಲ, ಫೋನಿನ ಕಡೆ ಹೊರಳುತ್ತಿರಲಿಲ್ಲ. ಗಡಿಯಾರದ ಮುಖವೂ ಮಣಿಕಟ್ಟಿನ ಒಳಗಡೆಗೆ ತಿರುಗಿರುತ್ತಿತ್ತು. ಬರೆದ ಪ್ರೋಗ್ರಾಮನ್ನು ಕಂಪ್ಯೂಟರು ಕಂಪೈಲ್ ಮಾಡಿ ಮುಗಿಸಿತೋ, ಆ ಕೈಗಳು ಎದ್ದು ಕೀಬೋರ್ಡಿನ ಮೇಲೆ ಓಡಾಡಿ, ಕೆಲಸ ಮುಗಿಸಿ, ಮತ್ತೆ ಮಲಗುತ್ತಿದ್ದವು.

ಪಕ್ಕದ ಮೇಜಿನ ಮೇಡಂ ಅವರು. ಹೆಬ್ಬಾಳದ ನಮ್ಮ ಆಫೀಸಿಗೆ ಸೇರಿದ ಮೊದಲ ವಾರದಲ್ಲೇ ನಾನು ಮ್ಯಾನೇಜರರ ಕೆಮ್ಮು, ಸೆಕ್ಯುರಿಟಿಯವರ ಸೆಲ್ಯೂಟು, ಸಾಂಬಾರು ಖಾಲಿ ಎನ್ನುವಾಗ ಕ್ಯಾಂಟೀನಿನವರ ಮುಖದಲ್ಲಿ ಮೂಡುವ ಸಂತೋಷ, ಎಲ್ಲವನ್ನೂ ಮಾಡಿ ತೋರಿಸಿ ಹೆಸರು ಗಳಿಸಿದ್ದೆ. ಗೋಕುಲಂನ ನಮ್ಮ ಬೀದಿಯಲ್ಲಿ ಯೋಗ ಕಲಿಯಲು ಬಂದ ವಿದೇಶಿಯರು ಕೊಂಡ ಕೊತ್ತಂಬರಿ ಕಟ್ಟಿಗೂ ನಮಸ್ಕಾರ ಹಾಕುವುದನ್ನೂ ಬಿಟ್ಟಿರಲಿಲ್ಲ. ನನ್ನನ್ನು ಅಣಕಿಸುವುದಂತೂ ತೀರಾ ಸುಲಭ: ಮೇಜಿನ ಕೆಳಗೆ ಒಂದು ಕಾಲನ್ನು ಹೊಲಿಗೆ ಯಂತ್ರ ತುಳಿದಂತೆ ಆಡಿಸಿದರೆ ಆಯಿತು. ಮೇಡಂ ಒಬ್ಬರೇ ಕೈಗೆ ಸಿಗದವರು. ಒಮ್ಮೆ ಕ್ಯಾಂಟೀನಿನಲ್ಲಿ ಅವರಂತೆ ಕೈ ಬೋರಲಿಟ್ಟು ಕೂತೆ. ಯಾರೂ ನಗಲಿಲ್ಲ. "ಯಾಕ್ಲಾ, ಹೊಟ್ಟೆ ಸರಿ ಇಲ್ವಾ?" ಎಂದ ಗೆಳೆಯ.

ಹೊಟ್ಟೆ ನಿಜವಾಗಿಯೂ ಸರಿಯಿರಲಿಲ್ಲ. ಅಲ್ಲಿ ಸಣ್ಣಗೆ ಕಿಚ್ಚು ಹತ್ತಿಕೊಂಡಿತ್ತು.

ನಮ್ಮ ಕೆಲಸ ಕೇಳುವವರಿಗೆ ತಮಾಷೆ ಎನ್ನಿಸುತ್ತದೆ: ಪ್ರೊಸೆಸರನ್ನು ಮಲಗಿಸುವುದು. ಆಗ ನಮ್ಮ ಕೈಯಲ್ಲಿದ್ದದ್ದು ಬಸ್ ಕಂಡಕ್ಟರುಗಳ ಟಿಕೆಟ್ ಯಂತ್ರ. ಅದರ ಪ್ರೊಸೆಸರಿನಲ್ಲಿ ನಾಲ್ಕು ಕೋರ್; ನಾಲ್ವರು ಆಳುಗಳು ಅಂದುಕೊಳ್ಳಿ. ಬಿಡುವಾದಾಗ ಮಲಗುತ್ತಾರೆ. ಬರೀ ತೂಕಡಿಸಿದರೆ ಕರೆದ ತಕ್ಷಣ ಏಳುತ್ತಾರೆ, ಆದರೆ ಬ್ಯಾಟರಿ ಉಳಿಯುವುದು ಅಷ್ಟಕ್ಕಷ್ಟೆ. ಗಾಢ ನಿದ್ದೆ ಮಾಡಿದರೆ ಉಳಿತಾಯ ಚೆನ್ನ, ಆದರೆ ಎಬ್ಬಿಸಿ ಮುಖ ತೊಳೆಸಿ ಕೂರಿಸುವುದಕ್ಕೇ ಒಂದಿಷ್ಟು ಖರ್ಚು. ಬಿಡುವು ಎಷ್ಟು ಹೊತ್ತು ಇದ್ದೀತು ಎಂದು ಊಹಿಸಿ, ಯಾರನ್ನು ಎಷ್ಟು ಆಳಕ್ಕೆ ಮಲಗಿಸಬೇಕೆಂದು ತೀರ್ಮಾನಿಸುವುದು ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ಒಳತಿರುಳು. ಅದಕ್ಕೆ ಆ ಬುದ್ಧಿ ಹೇಳಿಕೊಡುವವರು ನಾವು.

ಯಂತ್ರದ ಬ್ಯಾಟರಿ ಸಂಜೆಯ ಟ್ರಿಪ್ಪಿಗೆ ಮೊದಲೇ ಕೈ ಕೊಡುತ್ತಿತ್ತು. ಮ್ಯಾನೇಜರು ನಮ್ಮಿಬ್ಬರಿಗೂ ಒಂದೊಂದು ಯಂತ್ರ ಕೊಟ್ಟು, ಯಾರ ವಿಧಾನ ಗೆಲ್ಲುತ್ತದೋ ಈ ಭಾಗದ ಹೊಣೆ ಅವರದ್ದು ಎಂದರು. ನನಗೆ ಅದು ಬೇಕೇ ಬೇಕಿತ್ತು. ಮೇಡಂಗೆ ಬೇಕಿತ್ತೋ ಇಲ್ಲವೋ ಮುಖ ನೋಡಿದರೆ ತಿಳಿಯುತ್ತಿರಲಿಲ್ಲ. ಅದೂ ಒಂದು ಉರಿ.

ನಾನು ಕೆಲಸವನ್ನು ನಾಲ್ಕೂ ಕೋರ್‌ಗಳಿಗೆ ಸಮನಾಗಿ ಹಂಚಿದೆ. ಮೇಡಂ ಚಿಲ್ಲರೆ ಕೆಲಸವನ್ನೆಲ್ಲ ಒಂದಕ್ಕೇ ಕಟ್ಟಿ ಉಳಿದ ಮೂರನ್ನು ಮಲಗಿಸಿದರು. ಅವರು ಇದ್ದದ್ದೇ ಹಾಗೆ. ನೀರಿಗೆಂದು ಒಂದು ಸಲ ಎದ್ದರೆ ಪ್ರಿಂಟು, ಸಹಿ, ಮಗಳಿಗೆ ಫೋನು, ಎಲ್ಲ ಆ ಒಂದೇ ಸುತ್ತಿನಲ್ಲಿ ಮುಗಿಯುತ್ತಿತ್ತು. ನಾನು ಒಂದು ಪೆನ್ನಿಗಾಗಿ ಒಂದು ಸಲ, ಅದರ ಮುಚ್ಚಳಕ್ಕಾಗಿ ಇನ್ನೊಂದು ಸಲ ಏಳುವವನು. "ನಾಲ್ಕು ಜನಾನೂ ಅರೆನಿದ್ದೇಲಿ ಇಟ್ರೆ ಯಾರಿಗೂ ನಿದ್ದೆ ಆಗಲ್ಲ ಕಣಪ್ಪ," ಎಂದರು. ನಾನು ಕೇಳಿಸಿಕೊಳ್ಳಲಿಲ್ಲ. ಬಿಡುವನ್ನು ಊಹಿಸುವುದಕ್ಕೆ ನಾನು ಬರೆದಿದ್ದ ಲೆಕ್ಕಾಚಾರ ಅವರದ್ದಕ್ಕಿಂತ ಚುರುಕಾಗಿತ್ತು, ಆ ಜಂಬ.

ಜಂಬ ಎಲ್ಲರಿಗೂ ಕಾಣಲೆಂದು ಒಂದು ಪುಟ್ಟ ಪ್ರೋಗ್ರಾಮನ್ನೂ ಸೇರಿಸಿದೆ. ಯಾವ ಕೋರ್ ಎಷ್ಟು ಆಳದ ನಿದ್ದೆಯಲ್ಲಿದೆ ಎಂದು ಅದು ಬಣ್ಣಬಣ್ಣದ ಗೆರೆಗಳಲ್ಲಿ ತೋರಿಸುತ್ತಿತ್ತು. ಆಫೀಸೆಲ್ಲ ಬಂದು ನೋಡಿತು. ಬ್ಯಾಟರಿ ಮಾತ್ರ ಮೊದಲಿಗಿಂತ ಬೇಗ ಮುಗಿಯತೊಡಗಿತು. ಚಾರ್ಜರನ್ನು ಬೈದೆ. ಕೊನೆಗೆ ಒಳ್ಳೆಯ ಯಂತ್ರ ಮೇಡಂ ಪಾಲಿಗೆ ಹೋಗಿದೆ ಎಂದು ಗುಮಾನಿ ಬಂದು, ಬದಲಾಯಿಸಿಕೊಳ್ಳೋಣವೇ ಎಂದು ಕೇಳಿಯೇಬಿಟ್ಟೆ. ಅವರು ತಮ್ಮ ಯಂತ್ರವನ್ನು ನನ್ನ ಕಡೆಗೆ ತಳ್ಳಿ ಕೈ ಮತ್ತೆ ಬೋರಲಿಟ್ಟರು. ನನ್ನ ಪ್ರೋಗ್ರಾಮು ಹಾಕಿದ್ದೇ ಅದೂ ಮಧ್ಯಾಹ್ನಕ್ಕೆ ಸತ್ತಿತು.

ಆಗ ಮೇಡಂ ಕುರ್ಚಿ ಎಳೆದುಕೊಂಡು ನನ್ನ ಗೆರೆಗಳನ್ನು ಸ್ವಲ್ಪ ಹೊತ್ತು ನೋಡಿದರು. ಬೇರೆ ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಹೇಳಿದರು: "ನಿನ್ನ ಊಹೆ ಸರಿಯಾಗೇ ಇದೆ. ಪಾಪ, ಅದು ಮಲಗ್ತಾನೇ ಇದೆ. ನೀನೇ ಗಳಿಗೆಗೊಂದ್ಸಲ ಹೋಗಿ ಭುಜ ತಟ್ಟಿ, ನಿದ್ದೆ ಬಂತಾ, ನಿದ್ದೆ ಬಂತಾ ಅಂತ ಕೇಳ್ತಿದ್ದೀಯ. ಬುಟ್ಬುಡು ಅದನ್ನ."

ನಿದ್ದೆಯನ್ನು ಅಳೆಯಲು ಬರೆದ ಪ್ರೋಗ್ರಾಮೇ ನಿದ್ದೆಗೆಡಿಸುತ್ತಿತ್ತು. ಅದನ್ನು ಕಿತ್ತೆ. ಬ್ಯಾಟರಿ ಸಂಜೆಯವರೆಗೆ ಬಂತು, ಆದರೆ ಅವರ ವಿಧಾನದಷ್ಟು ದೂರ ಬರಲಿಲ್ಲ.

ಮ್ಯಾನೇಜರಿಗೆ ಯಂತ್ರ ತೋರಿಸುವ ದಿನ ಮೇಡಂ ತಮ್ಮ ಯಂತ್ರಕ್ಕೆ ನನ್ನ ಊಹೆಯ ಭಾಗವನ್ನು ಜೋಡಿಸಿ ತಂದಿದ್ದರು. ಅದು ಕೊನೆಯ ಟ್ರಿಪ್ಪು ದಾಟಿಯೂ ಉಳಿಯಿತು. ಇದು ಯಾರದ್ದು ಎಂದು ಮ್ಯಾನೇಜರು ಕೆಮ್ಮಿ ಕೇಳಿದರು. "ಕೆಲ್ಸ ಕಟ್ಟಿದ್ದು ನಾನು ಸಾರ್, ಊಹೆ ಇವನ್ದು. ಅದಿಲ್ದಿದ್ರೆ ಮಲಗಿಸಿದ್ದೂ ದಂಡ," ಎಂದರು. ಹೊಣೆ ಅವರಿಗೆ ಹೋಯಿತು, ಚಪ್ಪಾಳೆಯಲ್ಲಿ ನನಗೂ ಪಾಲು ಬಂತು. ಅವರು ಒಂದಿಷ್ಟು ಮೆರೆದಿದ್ದರೆ ಬೈದುಕೊಂಡಾದರೂ ಹಗುರಾಗುತ್ತಿದ್ದೆ. ಅದಕ್ಕೂ ಅವಕಾಶ ಕೊಡಲಿಲ್ಲವಲ್ಲ ಎಂದು ಮನೆಯವರೆಗೂ ಉರಿದುಕೊಂಡು ಹೋದೆ.

ಹೋದ ವರ್ಷ ಅವರು ಕೆಲಸ ಬಿಟ್ಟು ಕಾಲೇಜಿನಲ್ಲಿ ಪಾಠ ಹೇಳಲು ಹೋದರು. ನಾನು ಆಸೆಪಟ್ಟ ಹೊಣೆ ಈಗ ನನ್ನದೇ. ಹೊಟ್ಟೆಕಿಚ್ಚೇನೂ ಆರಲಿಲ್ಲ, ಅವರ ವಿದ್ಯಾರ್ಥಿಗಳ ಮೇಲೆ ತಿರುಗಿತು ಅಷ್ಟೆ.

ಮೊನ್ನೆ ಕ್ಯಾಂಟೀನಿನಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಎಲ್ಲರನ್ನೂ ಅಣಕಿಸುತ್ತಿದ್ದಳು. ಮ್ಯಾನೇಜರರ ಕೆಮ್ಮು ಪರವಾಗಿಲ್ಲ, ನನ್ನಷ್ಟಿಲ್ಲ. ಆಮೇಲೆ, "ಈಗ ಇವರು" ಎಂದು ನನ್ನ ಕಡೆ ಕಣ್ಣು ಹೊಡೆದಳು. ಕಾಲು ಕುಣಿಸುತ್ತಾಳೆಂದು ಕಾದೆ. ಅವಳು ಎರಡೂ ಅಂಗೈಗಳನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟು ಸುಮ್ಮನೆ ಕೂತಳು. ಇಡೀ ಮೇಜು ಅವಳ ಕೈ ನೋಡಿ, ನನ್ನ ಕೈ ನೋಡಿ, ಬಿದ್ದು ಬಿದ್ದು ನಕ್ಕಿತು.

ನಾನೂ ನಕ್ಕೆ. ಹೊಟ್ಟೆ ಮಾತ್ರ ಹಳೆಯ ಜಾಗದಲ್ಲೇ ಉರಿಯಿತು. ಅಷ್ಟು ವರ್ಷ ಪಕ್ಕದಲ್ಲೇ ಕೂತರೂ ನನಗೆ ಒಲಿಯದ ಅನುಕರಣೆ ಅವಳಿಗೆ ಮೊದಲ ಸಲಕ್ಕೇ ಒಲಿದಿತ್ತು, ಮೇಡಂ ಅವರನ್ನು ಅವಳು ಒಮ್ಮೆಯೂ ನೋಡಿರಲಿಲ್ಲ.