ಸಾಂತ್ವನಕ್ಕೆ ಹೋಗುತ್ತಿದ್ದವಳು

ಅತ್ತಿಗುಪ್ಪೆಯ ಆ ಚಿಕ್ಕ ಚರ್ಚಿನವರಲ್ಲಿ ಯಾರ ಮನೆಗೆ ಕಷ್ಟ ಬಂದರೂ ಮೊದಲು ಹೋಗಿ ನಿಲ್ಲುತ್ತಿದ್ದವಳು ಕೃಪಾವತಿ. ಒಂದು ಕೈಯಲ್ಲಿ ಗಂಜಿಯ ಫ್ಲಾಸ್ಕು, ಇನ್ನೊಂದರಲ್ಲಿ ಬೈಬಲ್ಲು. ಆಸ್ಪತ್ರೆಯಾಗಲಿ, ಸಾವಿನ ಮನೆಯಾಗಲಿ, ಪಕ್ಕದಲ್ಲಿ ಕೂತು, "ದೇವರ ಚಿತ್ತ ಕಣಮ್ಮ, ಆತ ನಮ್ಮ ಕೈ ಬಿಡಲ್ಲ" ಎಂದು ಹೇಳಿ, ಪ್ರಾರ್ಥನೆ ಮಾಡಿ ಬರುತ್ತಿದ್ದಳು. ಜನ ಕಣ್ಣೊರೆಸಿಕೊಂಡು "ಥ್ಯಾಂಕ್ಸ್ ಆಂಟಿ" ಅನ್ನುತ್ತಿದ್ದರು. ಇದು ತನಗೆ ದೇವರು ಕೊಟ್ಟ ವರ ಎಂದೇ ಅವಳು ನಂಬಿದ್ದಳು.

ಮಗಳು ಚೇತನಾಗೆ ಏಳು ತಿಂಗಳಿಗೇ ಹೆರಿಗೆಯಾಯಿತು. ಗಂಡು ಕೂಸು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲೇ ಕೆಲವು ದಿನ ಉಸಿರಾಡಿ ಹೋಯಿತು. ಪಾದ್ರಿ ಬಂದು ಮಣ್ಣು ಮಾಡಿಸಿದರು. ಅಳಿಯ ರಜೆ ಮುಗಿಸಿ ಕೆಲಸಕ್ಕೆ ಹೋದ. ಚೇತನಾ ತವರಿನ ಹಿಂದಿನ ಕೋಣೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಅನ್ನ ಬೇಡ, ಮಾತು ಬೇಡ.

ಕೃಪಾವತಿ ಮಂಚದ ಅಂಚಿನಲ್ಲಿ ಕೂತು ರೂಢಿಯ ಮಾತನ್ನೇ ಶುರುಮಾಡಿದಳು. ಮಗಳು ತಿರುಗಲಿಲ್ಲ.

"ಅಮ್ಮಾ, ಅದನ್ನ ಬೇರೆಯವರಿಗೆ ಹೇಳು. ನನಗೆ ಬೇಡ. ಅವನ ಕೈ ಎಷ್ಟು ಚಿಕ್ಕದಿತ್ತು ಗೊತ್ತಾ ನಿನಗೆ?"

ಗೊತ್ತಿತ್ತು. ಆ ಕೈಯನ್ನು ಬಟ್ಟೆಯೊಳಗೆ ಮಡಿಸಿಟ್ಟವಳು ಅವಳೇ.

ಅಡುಗೆಮನೆಗೆ ಬಂದು ಪ್ರಾರ್ಥಿಸಲು ನೋಡಿದಳು. "ತಂದೆಯೇ" ಅಂದಮೇಲೆ ಒಂದು ಪದವೂ ಹೊರಡಲಿಲ್ಲ. ಬದಲಿಗೆ ಹೆದರಿಕೆ ಹುಟ್ಟಿತು. ಇಷ್ಟು ವರ್ಷ ಎಷ್ಟು ಜನರಿಗೆ ಇದನ್ನೇ ಹೇಳಿ ಬಂದೆ? ಅವರಿಗೂ ಹೀಗೇ ಅನಿಸಿತ್ತೋ ಏನೋ.

ಪಕ್ಕದ ಮನೆ ಮುನಿತಾಯಮ್ಮನ ಮಗ ಮಾಗಡಿ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡಾಗಲೂ ಅವಳು ಹೋಗಿದ್ದಳು. ಈಗ ಸಂಜೆ ಅವರ ಬಾಗಿಲಲ್ಲಿ ನಿಂತು ಕೇಳೇಬಿಟ್ಟಳು. "ಅಕ್ಕ, ಅವತ್ತು ನಾನು ಆಡಿದ ಮಾತಿಂದ ನಿಮಗೆ ನೋವಾಯ್ತಾ?"

ಮುನಿತಾಯಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಆಯ್ತು ಕಣವ್ವ. ಇವಳು ಎದ್ದು ಹೋದ್ರೆ ಸಾಕು ಅನ್ಸಿತ್ತು. ಆದ್ರೆ ಮಾರನೇ ದಿನಾನೂ ಬಂದೆ ನೀನು. ಬೇರೆ ಯಾರು ಬಂದ್ರು?" ಆಮೇಲೆ ದನಿ ತಗ್ಗಿಸಿ, "ಹುಡುಗೀಗೆ ಹಾಲು ಕಟ್ಟಿದೆಯಾ?" ಎಂದು ಕೇಳಿದರು.

ಕಟ್ಟಿತ್ತು. ಕುಡಿಯುವ ಕೂಸಿಲ್ಲದೆ ಎದೆ ಕಲ್ಲಾಗಿತ್ತು. ನೈಟಿ ನೆನೆದರೂ ಚೇತನಾ ಹಲ್ಲು ಕಚ್ಚಿಕೊಂಡಿದ್ದಳು.

"ಎದೆಗೆ ಮಲ್ಲಿಗೆ ಕಟ್ಟು. ನಮ್ಮ ಕಡೆ ಹಾಲು ಇಂಗಲಿ ಅಂತ ಅದನ್ನೇ ಕಟ್ಟೋದು."

ವಿಜಯನಗರ ಮಾರ್ಕೆಟ್ಟಿನಲ್ಲಿ ಹೂವಿನವಳು ಮೊಳ ಹಾಕುತ್ತಾ, "ಮನೇಲಿ ಫಂಕ್ಷನ್ನಾ ಆಂಟಿ?" ಎಂದಳು. ಕೃಪಾವತಿ ದುಡ್ಡು ಎಣಿಸಿ ಕೊಟ್ಟಳು.

ಮಗಳ ಎದೆಯ ಮೇಲೆ ಹೂ ಹರಡಿ, ಹಳೇ ಹತ್ತಿ ಸೀರೆಯಿಂದ ಸುತ್ತಿದಳು. ಈ ಸಲ ಒಂದು ಮಾತೂ ಆಡಲಿಲ್ಲ. ಕೋಣೆಯ ತುಂಬ ಮದುವೆ ಮನೆಯ ಘಮ. ಕೂಸು ಹೋದಮೇಲೆ ಚೇತನಾ ಮೊದಲ ಸಲ ಬಾಯಿಬಿಟ್ಟು ಅತ್ತಿದ್ದು ಆಗಲೇ. ತಾಯಿಯ ಕೈಲಿ ಸಮಾಧಾನ ಮಾಡಲು ಆಗಲಿಲ್ಲ. ಅವಳೂ ಅತ್ತಳು.

ಭಾನುವಾರ ಸ್ತ್ರೀಯರ ಕೂಟದಲ್ಲಿ ಎಂದಿನಂತೆ ಧೈರ್ಯದ ಮಾತು ಹೇಳಲು ಅವಳನ್ನು ಕರೆದರು. ಕೃಪಾವತಿ ಎದ್ದು ನಿಂತಳು.

"ಇವತ್ತು ನನ್ನ ಹತ್ರ ಏನೂ ಇಲ್ಲ. ಪ್ರಾರ್ಥನೇನೂ ಬರ್ತಾ ಇಲ್ಲ. ನನ್ನ ಮಗಳಿಗೋಸ್ಕರ ನೀವೇ ಮಾಡಿ."

ಅಷ್ಟು ಹೇಳಿ ಕೂತುಬಿಟ್ಟಳು. ಹಿಂದಿನ ಸಾಲಿನಿಂದ ಹೇಮಶ್ರೀ ಬಂದು ಪಕ್ಕದಲ್ಲಿ ಕೂತಳು. ಹೋದ ವರ್ಷ ಗಂಡನನ್ನು ಕಳೆದುಕೊಂಡವಳು. ಅವಳು ಕೃಪಾವತಿಯ ಕೈ ಹಿಡಿದುಕೊಂಡಳು.

ಮನೆಗೆ ಬಂದಾಗ ತಟ್ಟೆಯಲ್ಲಿ ಅನ್ನ ಹಾಗೇ ಒಣಗಿತ್ತು. ಕೃಪಾವತಿ ಅದನ್ನು ತೆಗೆದಿಟ್ಟು, ಬಿಸಿ ಅನ್ನಕ್ಕೆ ಸಾರು ಕಲಸಿ ತಂದು, ಮಗಳ ಪಕ್ಕ ಕಾಯುತ್ತಾ ಕೂತಳು.