ಕೆಲ್ಟರ ಚರ್ಚೆಯಲ್ಲಿ ತಡವಾದ ಗಂಟೆ

ಆಗ ನನಗೆ ಐವತ್ತೇಳು. ಅದಾಗಿ ಹನ್ನೊಂದು ವರ್ಷವಾಯಿತು. ಬೆಳಗಾವಿಯ ಒಂದು ಕಾಲೇಜಿನಲ್ಲಿ ಸಿಪಾಯಿಯಾಗಿದ್ದೆ. ಕಸ ಹೊಡೆಯುವುದು, ನೀರು ಇಡುವುದು, ಗಂಟೆ ಬಾರಿಸುವುದು ನನ್ನ ಕೆಲಸ. ಎಲ್ಲರೂ ನನ್ನನ್ನು ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು. ಓದಿದ್ದು ಮೂರನೇ ಇಯತ್ತೆ. ಗಡಿಯಾರ ಮಾತ್ರ ಚೆನ್ನಾಗಿ ಓದುತ್ತೇನೆ.

ಚರ್ಚಾ ಸ್ಪರ್ಧೆಗೂ ಗಂಟೆ ನನ್ನದೇ. ಒಬ್ಬರಿಗೆ ಐದು ನಿಮಿಷ. ನಾಲ್ಕಕ್ಕೆ ಒಂದು ಸಲ, ಐದಕ್ಕೆ ಎರಡು ಸಲ ಬಾರಿಸಬೇಕು. ಐದು ನಿಮಿಷ ದಾಟಿ ಮಾತಾಡಿದವರು ಸ್ಪರ್ಧೆಯಿಂದ ಹೊರಗೆ.

ಆ ವರ್ಷದ ವಿಷಯ, ರೋಮನ್ನರ ಆಳ್ವಿಕೆಯಿಂದ ಕೆಲ್ಟರಿಗೆ ಒಳ್ಳೆಯದಾಯಿತೇ, ಕೆಟ್ಟದ್ದಾಯಿತೇ ಎಂಬುದು. ಕೆಲ್ಟರು ಯಾರೆಂದು ಇತಿಹಾಸದ ಮುಲ್ಲಾ ಸರ್ ಅವರನ್ನು ಕೇಳಿದೆ.

“ಯುರೋಪಿನ ಹಳೇ ಮಂದಿ, ಮಾವಶಿ. ರೋಮಿನ ದಂಡು ಬಂದು ಅವರನ್ನ ಆಳ್ತು. ಎರಡು ಸಾವಿರ ವರ್ಷದ ಮಾತು.”

“ಹಂಗಾದ್ರ ಈಗ ಯಾಕ್ರಿ ಜಗಳಾ?”

ಸರ್ ನಕ್ಕರು.

ಗೆದ್ದವರು ಧಾರವಾಡದ ಸ್ಪರ್ಧೆಗೆ ಹೋಗುವರು. ಅವರು ಬೇರೆ ಊರಿನವರಾದರೆ ಹಾಸ್ಟೆಲ್ ಸೀಟೂ ಸಿಗುತ್ತಿತ್ತು. ಸ್ಪರ್ಧೆಗೆ ಹೆಸರು ಕೊಟ್ಟಿದ್ದ ಸುರೇಖಾ ಎಂಬ ಹುಡುಗಿಗೆ ಬೇಕಾಗಿದ್ದು ಆ ಸೀಟು. ಖಾನಾಪುರದಿಂದಾಚೆ ಕಾಡಿನೊಳಗಿನ ಊರು ಅವಳದು. ಜೋರು ಮಳೆ ಹಿಡಿದರೆ ಬಸ್ಸು ಹೋಗುವುದಿಲ್ಲ. ಹಾಜರಿ ಕಡಿಮೆ ಬಿದ್ದು ಹಿಂದಿನ ಪರೀಕ್ಷೆಗೆ ಕೂಡಿಸಿರಲಿಲ್ಲ. ಇನ್ನೊಂದು ಸಲ ಹಾಗಾದರೆ ಅವಳ ಓದು ಮುಗಿದ ಹಾಗೆ.

ಮೊದಲು ಬೆಳಗಾವಿಯದೇ ಸದಾಶಿವನಗರದ ಹುಡುಗನೊಬ್ಬ ಮಾತಾಡಿದ. ರಸ್ತೆ, ಸೇತುವೆ, ಕಾನೂನು, ಬಿಸಿನೀರಿನ ಬಚ್ಚಲು, ಎಲ್ಲ ರೋಮನ್ನರು ಕೊಟ್ಟದ್ದೆಂದ. ಚಪ್ಪಾಳೆ ಬಿತ್ತು. ಆಮೇಲೆ ಸುರೇಖಾ. ನಾಲ್ಕಕ್ಕೆ ಒಂದು ಬಾರಿಸಿದೆ. ಅಲ್ಲಿಂದ ಅವಳು ಪುಸ್ತಕದ ಕನ್ನಡ ಬಿಟ್ಟಳು.

“ರಸ್ತಾ ಮಾಡಿದ್ರು, ಖರೇ. ಆ ರಸ್ತಾದಾಗ ಮೊದಲ ಬಂದಾವ್ರು ಯಾರು? ದಂಡಿನವ್ರು, ಕರ ವಸೂಲಿಯವ್ರು. ಚಲೋ ಆತು ಅಂತ ಬರದಾವ್ರೂ ರೋಮನ್ರ. ಕೆಲ್ಟರನ್ನ ಕೇಳಿದಾವ್ರು ಯಾರು?”

ಮೂವತ್ತು ವರ್ಷದಲ್ಲಿ ನಾನು ಯಾರ ಭಾಷಣವನ್ನೂ ಕೇಳಿದವಳಲ್ಲ. ಅಂದು ಕೇಳುತ್ತ ಕುಳಿತೆ. ಗಡಿಯಾರ ನೋಡಿದಾಗ ಆರು ನಿಮಿಷ ಆಗಿತ್ತು. ಆಗ ಬಾರಿಸಿದೆ.

ಸದಾಶಿವನಗರದ ಹುಡುಗ ಎದ್ದ. “ಸರ್, ಒಂದ ಮಿನಿಟ್ ಜಾಸ್ತಿ ಆತು.”

ತೀರ್ಪು ಕೊಡಬೇಕಾದವರು ಮುಲ್ಲಾ ಸರ್. ಅವರೂ ಗಡಿಯಾರ ನೋಡಿರಲಿಲ್ಲ. “ಮಾವಶಿ, ಗಂಟಿ ಬರೋಬರಿ ಹೊಡದೀರೇನು?” ಎಂದರು. ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಅವರ ಮುಖವೂ ಹೂಂ ಅನ್ನು ಎಂಬಂತಿತ್ತು.

“ಇಲ್ರಿ. ಒಂದ ಮಿನಿಟ್ ತಡಾ ಆತು. ತಪ್ಪು ನಂದು.”

“ತಪ್ಪು ಯಾರದರ ಇರ್ಲಿ, ಮಾತಾಡಿದಾಕಿ ಆಕಿನ ಅಲ್ಲ?” ಎಂದ ಹುಡುಗ.

ಸುರೇಖಾಳ ಹೆಸರು ಹೊಡೆದುಹಾಕಿದರು. ಅವನು ಗೆದ್ದ.

ಮೆಟ್ಟಿಲ ಹತ್ತಿರ ಅವಳು ನನ್ನನ್ನು ತಡೆದಳು. “ಹೂಂ ಅಂದಿದ್ರ ನಿಮ್ದೇನು ಹೋಗತಿತ್ತು, ಮಾವಶಿ?”

“ಏನೂ ಇಲ್ಲ,” ಎಂದೆ.

ಅವಳು ಅಳಲಿಲ್ಲ. ನನಗೂ ಏನೂ ಅನಿಸಲಿಲ್ಲ. ಕುರ್ಚಿ ಒಟ್ಟಿ, ಕಸ ಹೊಡೆದು, ಪೀರನವಾಡಿಯ ಮನೆಗೆ ಬಂದು ಉಂಡು ಮಲಗಿದೆ.

ಕೆಲಸ ನನಗೆ ಕಲಿಸಿದ್ದು ಇಷ್ಟು: ಗಂಟೆ ಹಿಡಿದವಳು ಮಾತಿಗೆ ಕಿವಿ ಕೊಡಬಾರದು. ಕೊಟ್ಟರೆ ಅವಳಿಗೆ ಏನೂ ಆಗುವುದಿಲ್ಲ, ಮಾತಾಡಿದವರಿಗೆ ಆಗುತ್ತದೆ.

ಮರುದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋಗಿ ಖಾನಾಪುರದ ಬಸ್ಸಿಗೆ ಕಾದೆ. ಸುರೇಖಾ ಇಳಿದಳು.

“ನಂದು ಒಂದ ಖೋಲಿ ಮನಿ. ನಾ ಗೊರಕಿ ಹೊಡಿತೀನಿ, ಮೊದಲ ಹೇಳತೀನಿ. ಮಳಿಗಾಲ ಮುಗಿಯೂತನಾ ಬಂದಿರ್ತೀಯೇನು? ಬ್ಯಾಡ ಅಂದ್ರ ಬ್ಯಾಡ,” ಎಂದು ಕೇಳಿ, ಅವಳು ಬಾಯಿ ಬಿಡುವವರೆಗೆ ಅಲ್ಲೇ ನಿಂತೆ.